ಸ್ಥಳೀಯ ಇತಿಹಾಸದ ಕಾರ್ಯಕ್ರಮಕ್ಕೆ ಹೊಸ ಜನ ಬರಬೇಕಾದರೆ ಏನು ಮಾಡಬೇಕು?

ಹಳೇಕಡತ:
ನಾವು ಕೆಲವರು ಸೇರಿ ಲೈಬ್ರರಿ ಹಾಲ್‌ನಲ್ಲಿ ತಿಂಗಳಿಗೊಂದು ಇತಿಹಾಸ ಉಪನ್ಯಾಸ ನಡೆಸುತ್ತೇವೆ. ವಿಷಯ ಚೆನ್ನಾಗಿರುತ್ತದೆ, ಮಾತಾಡುವವರೂ ಓದಿಕೊಂಡವರೇ. ಆದರೆ ಬರುವವರು ಮಾತ್ರ ಅದೇ ಮುಖಗಳು, ಜಾಸ್ತಿ ನಿವೃತ್ತರೇ. ಶಾಲೆ ಮಕ್ಕಳನ್ನು ಕರೆಸಿದರೆ ಮೇಷ್ಟ್ರು ಹೇಳಿದರು ಅಂತ ಬಂದು ಕೂತಿರುತ್ತಾರೆ ಅಷ್ಟೇ. ಈಗ ನಮ್ಮಲ್ಲೇ ಮೂರು ಅಭಿಪ್ರಾಯ. ಒಬ್ಬರಿಗೆ ಹಳೇ ಫೋಟೋ ಪ್ರದರ್ಶನ ಬೇಕು, ಒಬ್ಬರಿಗೆ ಹೆರಿಟೇಜ್ ವಾಕ್, ಇನ್ನೊಬ್ಬರು ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡೋಣ ಅನ್ನುತ್ತಾರೆ. ದುಡ್ಡೂ ಕಡಿಮೆ, ಕೈಗಳೂ ಕಡಿಮೆ. ಮೊದಲು ಯಾವುದಕ್ಕೆ ಕೈ ಹಾಕಬೇಕು? ಮಾಡಿ ನೋಡಿದವರು ಹೇಳಿ.

ಆಲ್ಬಮ್‌ಪ್ರೇಮಿ:
ಪ್ರದರ್ಶನ ಬೇಡ, 'ಫೋಟೋ ತನ್ನಿ' ದಿನ ಮಾಡಿ. ಪ್ರದರ್ಶನದಲ್ಲಿ ನೀವು ತೋರಿಸುತ್ತೀರಿ, ಅವರು ನೋಡಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಅವರೇ ಮನೆಯ ಆಲ್ಬಮ್ ಹಿಡಿದು ಬರುತ್ತಾರೆ. ಒಬ್ಬರೇ ಬರುವುದಿಲ್ಲ, ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಬರುತ್ತಾರೆ. ನಿಮಗೆ ಬೇಕಾದ ಹೊಸ ಮುಖ ಅವರೇ ಅಲ್ವಾ.

ಒಂದು ಸ್ಕ್ಯಾನರ್, ಒಂದು ಲ್ಯಾಪ್‌ಟಾಪ್, ಎರಡು ಮೇಜು ಸಾಕು. ಫೋಟೋವನ್ನು ಅವರ ಕಣ್ಣೆದುರೇ ಸ್ಕ್ಯಾನ್ ಮಾಡಿ, ಅಲ್ಲೇ ವಾಪಸ್ ಕೊಡಿ. "ಇಟ್ಟು ಹೋಗಿ, ಆಮೇಲೆ ಕೊಡುತ್ತೇವೆ" ಅನ್ನಲೇಬೇಡಿ, ಒಂದು ಕಳೆದರೂ ಮುಂದೆ ಯಾರೂ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಸಾಮಾನ್ಯ ಸೈಜಿನ ಪ್ರಿಂಟ್‌ಗೆ 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಇರಲಿ, ಕಾಪಿಟ್ಟುಕೊಳ್ಳುವ ಪ್ರತಿ ಟಿಫ್ ಅನ್ನುವ ದೊಡ್ಡ ಫೈಲ್‌ನಲ್ಲಿರಲಿ, ಚಿಕ್ಕ ಜೆಪೆಗ್ ಫೈಲ್ ಹಂಚುವುದಕ್ಕೆ ಮಾತ್ರ. ಆಲ್ಬಮ್‌ಗೆ ಅಂಟಿಕೊಂಡ ಫೋಟೋವನ್ನು ಕಿತ್ತು ತೆಗೆಯಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಹಿಂಭಾಗದಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಕೊಳ್ಳಿ, ಎಷ್ಟೋ ಸಲ ಸ್ಟುಡಿಯೋ ಮುದ್ರೆ, ತಾರೀಕು ಎಲ್ಲಾ ಅಲ್ಲೇ ಇರುತ್ತದೆ.

ಇನ್ನೊಂದು ವಿಷಯ. ಸ್ಕ್ಯಾನ್ ಮಾಡುವವರು ಬೇರೆ, ಮಾತಾಡಿಸುವವರು ಬೇರೆ ಇರಬೇಕು. ಚಿತ್ರದಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದಿದ್ದು, ಆ ಹಿಂದೆ ಕಾಣುವ ಕಟ್ಟಡ ಈಗ ಇದೆಯಾ ಅಂತ ಕೇಳಿ ಬರೆದುಕೊಳ್ಳುವುದೇ ನಿಜವಾದ ಕೆಲಸ. ಹೆಸರಿಲ್ಲದ ಮದುವೆ ಗುಂಪಿನ ಫೋಟೋ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ನಡಿಗೆಯವನು:
ಮೇಲಿನದು ಒಪ್ಪಿದೆ, ಆದರೆ ವಾಕ್ ಬಿಡಬೇಡಿ. ಸುಮ್ನೆ ಬೀದಿ ಸುತ್ತಿಸಿ "ಇದು ಹಳೇ ಕಟ್ಟಡ" ಅಂದರೆ ಯಾರೂ ಎರಡನೇ ಸಲ ಬರುವುದಿಲ್ಲ. ಬೇರೆ ದಿನ ಮುಚ್ಚಿರುವ ಒಂದು ಬಾಗಿಲನ್ನು ಆ ದಿನ ತೆಗೆಸಿ. ಫ್ರಾನ್ಸ್‌ನಲ್ಲಿ 1984ರಲ್ಲಿ ಐತಿಹಾಸಿಕ ಕಟ್ಟಡಗಳ ಬಾಗಿಲನ್ನು ಜನರಿಗೆ ತೆರೆದರು, ಮರುವರ್ಷ ಯುರೋಪಿನ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್‌ನ ಸಭೆಯಲ್ಲಿ ಅದನ್ನು ಎಲ್ಲಾ ಕಡೆಗೂ ಒಯ್ಯುವ ಮಾತು ಬಂತು, ಈಗಿನ ಯುರೋಪಿಯನ್ ಹೆರಿಟೇಜ್ ಡೇಸ್ ಹುಟ್ಟಿದ್ದು ಹಾಗೆ. ಲಂಡನ್‌ನಲ್ಲಿ 1992ರಲ್ಲಿ ಶುರುವಾದ ಓಪನ್ ಹೌಸ್ ಕೂಡ ಅದೇ ಲೆಕ್ಕ. ನೀರಿನ ಟ್ಯಾಂಕ್ ಮೇಲೆ ಹತ್ತುವುದು, ಹಳೇ ಪ್ರೆಸ್ಸಿನ ಒಳಗೆ ಹೋಗುವುದು, ಇಷ್ಟಕ್ಕೇ ಜನ ಬೆಳಗ್ಗೆ ಎದ್ದು ಬರುತ್ತಾರೆ.

ಒಂದೂವರೆ ಗಂಟೆ ಮೀರಬೇಡಿ. ಗುಂಪು ಇಪ್ಪತ್ತು ದಾಟಿದರೆ ಹಿಂದಿನವರಿಗೆ ಏನೂ ಕೇಳುವುದಿಲ್ಲ. ದಿನ ಬೇಕಿದ್ದರೆ ಏಪ್ರಿಲ್ 18 ಇದೆ, ವಿಶ್ವ ಪರಂಪರೆ ದಿನ, ಯುನೆಸ್ಕೋ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ. ಮೇ 18ರ ಮ್ಯೂಸಿಯಂ ದಿನವೂ ಇದೆ. ಪತ್ರಿಕೆಯವರು ಆ ದಿನಗಳಲ್ಲಿ ಸುದ್ದಿ ಹುಡುಕುತ್ತಲೇ ಇರುತ್ತಾರೆ.

ದಾಖಲೆಯೇ_ದೇವರು:
ನನಗೆ ಈ ನೆನಪಿನ ಕಾರ್ಯಕ್ರಮಗಳ ಮೇಲೆ ಅನುಮಾನ. ಒಬ್ಬರು ಸೇತುವೆ ಕೊಚ್ಚಿಹೋಗಿದ್ದು ತಮ್ಮ ಮದುವೆ ವರ್ಷ ಅನ್ನುತ್ತಾರೆ, ಪಕ್ಕದವರು ಅದಕ್ಕೂ ಹತ್ತು ವರ್ಷ ಮುಂಚೆ ಅನ್ನುತ್ತಾರೆ. ಇಬ್ಬರದ್ದೂ ಬರೆದು ಗೋಡೆಗೆ ಹಾಕಿದರೆ ಅದು ಇತಿಹಾಸವೇ? ಹಳೇ ಪತ್ರಿಕೆ, ಸಭೆಯ ನಡಾವಳಿ, ರಿಜಿಸ್ಟರ್ ನೋಡದೆ ಯಾವುದನ್ನೂ ತೂಗು ಹಾಕಬೇಡಿ.

ಟೇಪ್‌ರೆಕಾರ್ಡರ್:
ತಾರೀಕನ್ನು ದಾಖಲೆಯಲ್ಲಿ ನೋಡಿ, ಅದು ಸರಿ. ಆದರೆ ತಪ್ಪಿದ ನೆನಪನ್ನು ಎಸೆಯಬೇಡಿ. ಇಟಲಿಯ ಟೆರ್ನಿಯಲ್ಲಿ ಲೂಯಿಜಿ ಟ್ರಾಸ್ಟುಲ್ಲಿ ಎಂಬ ಉಕ್ಕಿನ ಕಾರ್ಖಾನೆ ಕೆಲಸಗಾರ 1949ರಲ್ಲಿ ನೇಟೋ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಕೈಯಲ್ಲಿ ಸತ್ತ. ವರ್ಷಗಳ ನಂತರ ಜನರ ನೆನಪುಗಳನ್ನು ರೆಕಾರ್ಡ್ ಮಾಡುವ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ಟೆಲ್ಲಿ ಅಲ್ಲಿಯವರನ್ನು ಮಾತಾಡಿಸಿದರೆ ಎಷ್ಟೋ ಜನ ಅದು 1953ರಲ್ಲಿ ಆಗಿದ್ದು ಅಂದರು. ಅಂದರೆ ಕಾರ್ಖಾನೆ ಒಂದೇ ಸಲ ಬಹಳ ಜನರನ್ನು ಕೆಲಸದಿಂದ ತೆಗೆದು ಊರು ಬೀದಿಗಿಳಿದ ವರ್ಷ. ಅವನ ಸಾವನ್ನು ಜನ ತಮಗೆ ಹೆಚ್ಚು ನೋವು ಕೊಟ್ಟ ಹೋರಾಟದ ಜೊತೆ ಸೇರಿಸಿಬಿಟ್ಟಿದ್ದರು. ಯಾವ ರಿಜಿಸ್ಟರ್‌ನಲ್ಲೂ ಇದು ಸಿಗುವುದಿಲ್ಲ. ನಿಮ್ಮ ಸೇತುವೆಯ ಇಬ್ಬರ ಮಾತನ್ನೂ ಹಾಕಿ, ಕೆಳಗೆ ಪತ್ರಿಕೆಯ ತಾರೀಕು ಹಾಕಿ. ನೋಡಿದವರು ಅಲ್ಲೇ ನಿಂತು ಜಗಳ ಆಡುತ್ತಾರೆ, ಅಂಥ ಜಗಳ ಒಳ್ಳೆಯದೇ.

ದಾಖಲೆಯೇ_ದೇವರು:
ತಾರೀಕು ಕೆಳಗೆ ಇರುವುದಾದರೆ ನನ್ನ ತಕರಾರಿಲ್ಲ. ಅಕ್ಷರ ಮಾತ್ರ ಸಣ್ಣದು ಮಾಡಬೇಡಿ.

ಹಳೇಕಡತ:
ಎಲ್ಲರಿಗೂ ಥ್ಯಾಂಕ್ಸ್. ಫೋಟೋ ದಿನದಿಂದಲೇ ಶುರು ಮಾಡುತ್ತೇವೆ. ಬಂದವರಲ್ಲಿ ಚೆನ್ನಾಗಿ ಮಾತಾಡುವವರನ್ನು ಗುರುತಿಸಿ ಆಮೇಲೆ ರೆಕಾರ್ಡ್ ಮಾಡೋಣ, ವಾಕ್ ಏಪ್ರಿಲ್‌ಗೆ. ಒಂದೇ ಅನುಮಾನ, ಒಪ್ಪಿಗೆ ಪತ್ರದಲ್ಲಿ ಏನೇನು ಇರಬೇಕು? ವಕೀಲರ ಭಾಷೆ ಕಂಡರೆ ಹಿರಿಯರು ಸಹಿ ಹಾಕಲು ಹೆದರುತ್ತಾರೆ.

ಟೇಪ್‌ರೆಕಾರ್ಡರ್:
ಒಂದೇ ಪುಟ, ದೊಡ್ಡ ಅಕ್ಷರ. ಮೂಲ ಫೋಟೋ ಅವರದ್ದೇ, ನಮ್ಮ ಹತ್ತಿರ ನಕಲು ಮಾತ್ರ ಅಂತ ಮೊದಲ ಸಾಲಲ್ಲೇ ಹಾಕಿ. ಪ್ರದರ್ಶನಕ್ಕೆ ಬಳಸಬಹುದಾ, ಆನ್‌ಲೈನ್ ಹಾಕಬಹುದಾ, ಹೆಸರು ಹಾಕಬಹುದಾ ಅಂತ ಬೇರೆ ಬೇರೆ ಕೇಳಿ, ಹೌದು ಇಲ್ಲ ಅಂತ ಗುರುತು ಹಾಕಿದರೆ ಸಾಕು. ಕೆಲವರು ಪ್ರದರ್ಶನಕ್ಕೆ ಒಪ್ಪಿ ಆನ್‌ಲೈನ್ ಬೇಡ ಅನ್ನುತ್ತಾರೆ, ಒತ್ತಾಯ ಮಾಡಬೇಡಿ. ಆಮೇಲೆ ಮನಸ್ಸು ಬದಲಾದರೆ ತೆಗೆಸಬಹುದು ಅನ್ನುವುದನ್ನೂ ಬರೆಯಿರಿ. ಪತ್ರದ ನಂಬರ್ ಮತ್ತು ಸ್ಕ್ಯಾನ್ ಫೈಲ್‌ನ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾವ ಸಹಿ ಯಾವ ಫೋಟೋದ್ದು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.