ಅಸಾಹಿಯೋ, ಅಸಹಿಯೋ?

ಎಲ್ಲರಿಗೂ ನಮಸ್ಕಾರ,

ಡೊರೇಮಾನ್ ಬಗ್ಗೆ ಮಕ್ಕಳಿಗೆಂದು ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. 1979ರಿಂದ ಅದನ್ನು ತೋರಿಸುತ್ತಿರುವ ಟೋಕಿಯೊದ ಖಾಸಗಿ ಚಾನೆಲ್ಲಿನ ಹೆಸರು ಬಂದ ಕಡೆ ಕೈ ನಿಂತಿತು. ನಾವೆಲ್ಲ 'ಟಿವಿ ಅಸಾಹಿ' ಅನ್ನುತ್ತೇವೆ. ಆ ದೀರ್ಘ ಎಲ್ಲಿಂದ ಬಂತು? ಜಪಾನಿಯಲ್ಲಿ ಅ-ಸ-ಹಿ, ಮೂರೂ ಹ್ರಸ್ವ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ನಾವೇ ಸುಮ್ನೆ ಎಳೆದಿದ್ದೇವೆ. ಸರಿ, 'ಅಸಹಿ' ಎಂದು ತಿದ್ದಿದೆ. ಮನೆಯವರು ಓದಿ, "ಅಸಹ್ಯ ಅಂತ ಬರೆಯೋಕೆ ಹೋಗಿ ಒತ್ತು ಬಿಟ್ರಾ?" ಎಂದರು.

ಅರ್ಥ ಮಾತ್ರ ಚೆಂದ. 'ಅಸ' ಎಂದರೆ ಬೆಳಗು, 'ಹಿ' ಎಂದರೆ ಸೂರ್ಯ. ಬೆಳಗಿನ ಸೂರ್ಯನಿಗೂ ಆ ಹೊತ್ತಿನ ಬಿಸಿಲಿಗೂ ಅದೇ ಪದ. ನಮ್ಮ 'ಎಳೆಬಿಸಿಲು' ಹತ್ತಿರ ಬರುತ್ತದೆ. ಉದಯ ಟಿವಿ ನೆನಪಾಗುತ್ತದೆ, ಅಲ್ವಾ?

ಆದರೆ ಈ ಸೂರ್ಯ ಪತ್ರಿಕೆಯ ಮನೆಯಿಂದ ಬಂದವನು. 1879ರಲ್ಲಿ ಒಸಾಕಾದಲ್ಲಿ ಶುರುವಾದ ಅಸಹಿ ಶಿಂಬುನ್ ಅದು. ಚಾನೆಲ್ 1959ರಲ್ಲಿ ಪ್ರಸಾರ ಶುರುಮಾಡಿದಾಗ ಅದರ ಹೆಸರು 'ನಿಹೊನ್ ಕ್ಯೋಇಕು ತೆರೆಬಿ', ಅಂದರೆ ಜಪಾನ್ ಶಿಕ್ಷಣ ಟಿವಿ. ಅರ್ಧಕ್ಕಿಂತ ಜಾಸ್ತಿ ಪಾಠದ ಕಾರ್ಯಕ್ರಮ ಇರಬೇಕು ಎಂಬುದು ಪರವಾನಗಿಯ ಷರತ್ತು. ಪಾಠ ನೋಡಿ ಜಾಹೀರಾತು ಕೊಡುವವರು ಯಾರು? ಹಾಗಾಗಿ ಕಾರ್ಟೂನು, ವಿದೇಶಿ ಸಿನಿಮಾಗಳೂ ಮಕ್ಕಳ ಮನಸ್ಸು ಬೆಳೆಸುವ ಲೆಕ್ಕಕ್ಕೆ ಸೇರಿದವು. 1960ರಿಂದ 'ಎನ್‌ಇಟಿ' ಎಂದು ಕರೆದುಕೊಂಡರು. ಶಿಕ್ಷಣ (ಎಜುಕೇಶನ್) 'ಇ' ಎಂಬ ಒಂದು ಇಂಗ್ಲಿಷ್ ಅಕ್ಷರದೊಳಗೆ ಅಡಗಿತು! 1973ರಲ್ಲಿ ಆ ಷರತ್ತು ಹೋಯಿತು. 1977ರಲ್ಲಿ ಕಂಪನಿಯ ಹೆಸರು 'ಜೆನ್‌ಕೊಕು ಅಸಹಿ ಹೋಸೋ' ಆಯಿತು. ದೇಶವಿಡೀ ಅಸಹಿ ಪ್ರಸಾರ ಎಂದು ಅರ್ಥ. 2003ರಿಂದ ಚಾನೆಲ್ಲಿನಂತೆ ಕಂಪನಿಯೂ 'ತೆರೆಬಿ ಅಸಹಿ'.

ಇದನ್ನು 'ಅಸಹಿ ಟಿವಿ' ಎಂದು ತಿರುಗಿಸುವ ಆಸೆ ನನಗೂ ಆಯಿತು. ಕನ್ನಡಕ್ಕೂ ಜಪಾನಿಗೂ ಅದೇ ಸಹಜ. ಆದರೆ ಹಾಗೆ ಮಾಡಬಾರದು. ಶಿಜುವೊಕದಲ್ಲಿ 'ಶಿಜುವೊಕ ಅಸಹಿ ತೆರೆಬಿ' ಎಂಬ ಬೇರೆಯೇ ಚಾನೆಲ್ ಇದೆ.

ಇನ್ನು ಅಡ್ಡಹೆಸರು. ಜನ ಇದನ್ನು 'ತೆರೆ-ಅಸ' ಎನ್ನುತ್ತಾರೆ. ಸೂರ್ಯ ಬಿದ್ದುಹೋಗಿ ಬರೀ ಬೆಳಗು ಉಳಿಯಿತು. 1953ರಲ್ಲಿ ಶುರುವಾದ ಮೊದಲ ಖಾಸಗಿ ಚಾನೆಲ್ ನಿಪ್ಪೊನ್ ಟಿವಿಗೆ 'ನಿತ್ತೆರೆ' ಎಂಬ ಅಡ್ಡಹೆಸರು. ಜಪಾನಿ ಲಿಪಿಯಲ್ಲಿ ಅದರ ಮೊದಲ ಅಕ್ಷರವೂ ಅದೇ ಸೂರ್ಯನ ಅಕ್ಷರ, ಓದುವ ರೀತಿ ಬೇರೆ ಅಷ್ಟೇ. ಇವರು ಬಿಟ್ಟದ್ದನ್ನು ಅವರು ಇಟ್ಟುಕೊಂಡಿದ್ದಾರೆ. ಎರಡರಲ್ಲೂ ಇರುವ 'ತೆರೆ' ನೋಡಿ ನಮ್ಮ 'ಕಿರುತೆರೆ' ಯಾರಿಗಾದರೂ ನೆನಪಾದರೆ, ಅದು ಬರೀ ಕಾಕತಾಳೀಯ. ದಯವಿಟ್ಟು ದ್ರಾವಿಡ ಮೂಲ ಹುಡುಕಬೇಡಿ.

ನನ್ನ ಪ್ರಶ್ನೆಗಳು ಇವು. ರೂಢಿಯ 'ಅಸಾಹಿ'ಯನ್ನೇ ಇಟ್ಟುಕೊಳ್ಳಲೇ, ಅಸಹ್ಯದ ಹಂಗು ಬಿಟ್ಟು 'ಅಸಹಿ' ಬರೆಯಲೇ? ನನ್ನ ಒಲವು ಎರಡನೆಯದಕ್ಕೆ.

ಇನ್ನೊಂದು ತಲೆನೋವು. ಚಾನೆಲ್ಲಿನ ಸಂಖ್ಯೆ ಈಗ 5. ಜಪಾನಿಯಲ್ಲಿ ಐದಕ್ಕೆ 'ಗೊ', ಅದರಿಂದ ಅವರ ಲಾಂಛನದ ಬೊಂಬೆಗೆ 'ಗೋ-ಚಾನ್.' ಎಂದು ಹೆಸರು. ಆ ಚುಕ್ಕಿ ಹೆಸರಿಗೇ ಸೇರಿದ್ದು. ಇದಕ್ಕೆ ವಿಭಕ್ತಿ ಹಚ್ಚುವುದು ಹೇಗೆ? ಚುಕ್ಕಿಗೆ ಮೊದಲೋ, ಆಮೇಲೋ?