ಅಪ್‌ಡೇಟ್: ಇಮೇಲ್ ಬಿಲ್ ಒಡೆದು ಕಾಣ್ತಿದ್ದದ್ದು ಸರಿಹೋಯ್ತು

ಹೊಸದಾಗಿ ಓದ್ತಿರೋರಿಗೆ: ಚಿಕ್ಕಮಗಳೂರಲ್ಲಿ ನಮ್ಮದು ಕಾಫಿಪುಡಿ ವ್ಯಾಪಾರ. ಮೇಲ್‌ನಲ್ಲಿ ಹೋಗೋ ಎಚ್‌ಟಿಎಂಎಲ್ (ವೆಬ್ ಪುಟ ಬರೆಯೋ ಭಾಷೆ) ಬಿಲ್ ನಮ್ಮ ಬ್ರೌಸರ್‌ನಲ್ಲಿ ಚೆನ್ನಾಗಿತ್ತು. ಗಿರಾಕಿಗಳಿಗೆ ಮಾತ್ರ ಕಾಲಂಗಳೆಲ್ಲ ಚೆಲ್ಲಾಪಿಲ್ಲಿ, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆ. ಯಾಕೆ ಹೀಗೆ ಅಂತ ಇಲ್ಲಿ ಕೇಳಿದ್ದೆ; ಕೆಲವರು ಔಟ್‌ಲುಕ್ (ಮೈಕ್ರೋಸಾಫ್ಟ್‌ನ ಮೇಲ್ ಆ್ಯಪ್) ನೋಡಿ ಅಂದ್ರು, ಕೆಲವರು ಪಿಡಿಎಫ್ ಕಳಿಸಿ ಅಂದ್ರು.

ಆ ಚಿಹ್ನೆಯೇ ಸುಳಿವು ಕೊಟ್ಟಿದ್ದು. ಇಮೇಲ್ ನಿಯಮದಲ್ಲಿ ಒಂದು ಸಾಲು 998 ಅಕ್ಷರ ಮೀರೋ ಹಾಗಿಲ್ಲ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇಡೀ ಬಿಲ್ಲನ್ನ ಒಂದೇ ಸಾಲಲ್ಲಿ ಸುರೀತಿತ್ತು. ಮೇಲ್ ಸರ್ವರ್ ಅದನ್ನ ಮಿತಿ ಮುಟ್ಟಿದಲ್ಲಿ ಕತ್ತರಿಸಿ ಚಿಹ್ನೆ ತುರುಕ್ತಿತ್ತು. ಟ್ಯಾಗ್ (ಎಚ್‌ಟಿಎಂಎಲ್‌ನ ಸೂಚನೆ) ನಡುವೆಯೇ ಕತ್ತರಿ ಬಿದ್ರೆ ಟೇಬಲ್ ಕಥೆ ಮುಗೀತು. ಕನ್ನಡದಲ್ಲಿ ಮಿತಿ ಇನ್ನೂ ಬೇಗ ಬರುತ್ತೆ, ಯಾಕಂದ್ರೆ ಲೆಕ್ಕ ಬೈಟ್‌ಗಳಲ್ಲಿ (ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್): ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ‘ಕಾಫಿ’ ಅನ್ನೋ ಎರಡಕ್ಷರಕ್ಕೇ 12 ಬೈಟ್! ಕಳಿಸುವಾಗ ಬೇಸ್64 ಎನ್‌ಕೋಡಿಂಗ್ (ಎಲ್ಲವನ್ನೂ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಬದಲಿಸೋ ವಿಧಾನ) ಹಾಕಿಸಿದ್ವಿ. ಈಗ ಸಾಲು 76 ಅಕ್ಷರಕ್ಕೇ ಮುರಿಯುತ್ತೆ, ಚಿಹ್ನೆ ಮಾಯ.

ಔಟ್‌ಲುಕ್ ನೋಡಿ ಅಂದವರ ಮಾತೂ ಸುಳ್ಳಲ್ಲ. ವಿಂಡೋಸ್‌ನ ಹಳೇ ಔಟ್‌ಲುಕ್ 2007ರ ಆವೃತ್ತಿಯಿಂದ ಮೇಲ್ ತೋರಿಸೋದು ವರ್ಡ್ ಎಂಜಿನ್ನಲ್ಲಿ, ಅದಕ್ಕೆ ಫ್ಲೆಕ್ಸ್‌ಬಾಕ್ಸ್ (ಪುಟದಲ್ಲಿ ಕಾಲಂ ಜೋಡಿಸೋ ಹೊಸ ವಿಧಾನ) ಗೊತ್ತಿಲ್ಲ. ಹಾಸನದ ಡೀಲರ್ ಒಬ್ಬರಿಗೆ ಜಿಎಸ್‌ಟಿ ಕಾಲಂ ಕೆಳಗೆ ಜಾರ್ತಿದ್ದದ್ದು ಅದಕ್ಕೇ. ಎಲ್ಲ ಟೇಬಲ್ ಟ್ಯಾಗ್‌ಗೆ ತಂದು, ಸ್ಟೈಲನ್ನ ಆಯಾ ಟ್ಯಾಗ್ ಒಳಗೇ ಬರೆಸಿದ್ವಿ. ಕೋಡ್ ನೋಡೋಕೆ ಅಜ್ಜನ ಕಾಲದ್ದು, ಆದ್ರೆ ಅಲುಗಾಡಲ್ಲ.

ಪಿಡಿಎಫ್ ಸಲಹೆ ಕೊಟ್ಟೋರಿಗೆ ಥ್ಯಾಂಕ್ಸ್, ಅದನ್ನೂ ಲಗತ್ತಿಸ್ತಿದೀವಿ. ಲೆಕ್ಕ ಬರೆಯೋರಿಗೆ ಬೇಕಾಗಿದ್ದೂ ಅದೇ. ಲೋಗೋ ಮಾತ್ರ ಚಿತ್ರ ಬ್ಲಾಕ್ ಮಾಡಿರೋರಿಗೆ ಇನ್ನೂ ಕಾಣಲ್ಲ. ಅದರ ಜಾಗದಲ್ಲಿ ಅಂಗಡಿ ಹೆಸರು ಬರೋ ಹಾಗೆ ಮಾಡಿ ಬಿಟ್ಟಿದೀನಿ.