ಮಕ್ಕಳ ಜೊತೆ ಕೂತು ನೋಡಬಹುದಾ? ನಾವು ಬಾಗಲಕೋಟೆಯಲ್ಲಿ ಮೂರು ತಲೆಮಾರು ಕೂತು ನೋಡಿದೆವು

ಎಲ್ಲರಿಗೂ ಶರಣು. ಹೋದ ವಾರ ಪರದೇಶದಲ್ಲಿರುವ ನಮ್ಮ ಕಡೆಯವರ ಈ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು: ಮಗಳಿಗೆ 14 ವರ್ಷ, ಗೆಳತಿಯರೆಲ್ಲ ‘ನೆವರ್ ಹ್ಯಾವ್ ಐ ಎವರ್’ ನೋಡಿದ್ದಾರೆ, ತಾನೂ ನೋಡುತ್ತೇನೆ ಅಂತಾಳೆ, ಬಿಡಲೋ ಬೇಡವೋ? ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ‘ಬ್ಯಾಡ್ರಿ’ ಎಂದೇ ಇದ್ದವು. ಅವತ್ತೇ ಬರೆಯಬೇಕೆಂದಿದ್ದೆ. ಆದರೆ ಹೋದ ನಾಗರ ಪಂಚಮಿಗೆ ಬಾಗಲಕೋಟೆಯ ತವರಿನಲ್ಲಿ ನಡೆದದ್ದನ್ನು ಹೇಳದೆ ನನ್ನ ಉತ್ತರ ಅರ್ಥವಾಗುವುದಿಲ್ಲ. ಅದಕ್ಕೇ ಇಷ್ಟು ಉದ್ದ. ಸಮಾಧಾನದಿಂದ ಓದ್ರಿ.

ನೋಡದವರಿಗಾಗಿ ಒಂದೆರಡು ಮಾತು. ನೆಟ್‌ಫ್ಲಿಕ್ಸ್‌ನಲ್ಲಿ 2020ರ ಏಪ್ರಿಲ್‌ನಿಂದ 2023ರ ಜೂನ್ ತನಕ ನಾಲ್ಕು ಸೀಸನ್ ಬಂದ ಧಾರಾವಾಹಿ ಇದು. ಒಟ್ಟು 40 ಕಂತು, ಒಂದೊಂದು ಸುಮಾರು ಅರ್ಧ ಗಂಟೆ. ಕಟ್ಟಿದವರು ಮಿಂಡಿ ಕೇಲಿಂಗ್ ಮತ್ತು ಲ್ಯಾಂಗ್ ಫಿಶರ್. ಕ್ಯಾಲಿಫೋರ್ನಿಯಾದ ಒಂದು ತಮಿಳು ಮನೆ, ಅಲ್ಲಿ 15 ವರ್ಷದ ದೇವಿ. ಶಾಲೆಯ ಸಂಗೀತ ಕಚೇರಿಯಲ್ಲಿ ಆಕೆ ಹಾರ್ಪ್ ನುಡಿಸುತ್ತಿರುವಾಗಲೇ ಸಭೆಯಲ್ಲಿ ಕೂತ ಅಪ್ಪ ಕುಸಿದು ತೀರಿಹೋಗುತ್ತಾನೆ. ಆಮೇಲೆ ಮೂರು ತಿಂಗಳು ಆ ಹುಡುಗಿಯ ಕಾಲುಗಳೇ ಏಳುವುದಿಲ್ಲ. ಅವ್ವ ನಳಿನಿ ಚರ್ಮರೋಗದ ಡಾಕ್ಟರು. ದುಃಖವನ್ನು ಒಳಗೆ ಕಟ್ಟಿಟ್ಟು ಮಗಳ ಮೇಲೆ ರೇಗುತ್ತಾಳೆ. ಕಥೆ ಹೇಳುವ ದನಿ ಟೆನಿಸ್ ಆಟಗಾರ ಜಾನ್ ಮೆಕೆನ್ರೋ ಅವರದು. ಸಿಟ್ಟಿನ ಹುಡುಗಿಗೆ ಸಿಟ್ಟಿಗೆ ಹೆಸರಾದವನ ದನಿ, ಅದು ನನಗೆ ಬಹಳ ಹಿಡಿಸಿತು. ದೇವಿಯ ಪಾತ್ರಕ್ಕೆ ಸುಮಾರು 15,000 ಹುಡುಗಿಯರು ಅರ್ಜಿ ಹಾಕಿದ್ದರಂತೆ. ಆರಿಸಿಬಂದ ಮೈತ್ರೇಯಿ ರಾಮಕೃಷ್ಣನ್ ಆಗಷ್ಟೇ ಹೈಸ್ಕೂಲು ಮುಗಿಸಿದ್ದ ಕೆನಡಾದ ಹುಡುಗಿ.

ಹುಡುಗ-ಹುಡುಗಿಯರ ಮಾತು ಅದರಲ್ಲಿ ಬಿಚ್ಚುಬಿಚ್ಚಾಗಿದೆ, ಮೊದಲ ಕಂತಿನಲ್ಲೇ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಹತ್ತು–ಹನ್ನೊಂದರ ಮಕ್ಕಳಿಗೆ ನಾನು ಕೊಡುವುದಿಲ್ಲ. ಆದರೆ ಇಲ್ಲಿ ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಎಲ್ಲ ಸೆಕೆಂಡರಿ ಶಾಲೆಗಳಲ್ಲೂ ಸಂಬಂಧ ಮತ್ತು ಲೈಂಗಿಕತೆಯ ಪಾಠ ಕಡ್ಡಾಯ. ಲೈಂಗಿಕತೆಯ ಭಾಗದಿಂದ ಮಗುವನ್ನು ಬಿಡಿಸಿ ಎಂದು ತಂದೆತಾಯಿ ಕೇಳಿಕೊಳ್ಳಬಹುದು. ಮಗುವಿಗೆ 16 ತುಂಬಲು ಮೂರು ಟರ್ಮ್, ಅಂದರೆ ಒಂದು ಶಾಲಾ ವರ್ಷ, ಉಳಿದಾಗ, ನಾನು ಕೂರುತ್ತೇನೆ ಎಂದು ಮಗುವೇ ಹೇಳಿದರೆ ಶಾಲೆ ಕೂರಿಸಿಕೊಳ್ಳಬೇಕು. ಅಂದರೆ ವಿಷಯ ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ. ಆಗ ನಾವು ಪಕ್ಕದಲ್ಲಿ ಇರುತ್ತೇವೋ ಇಲ್ಲವೋ, ಅಷ್ಟೇ ನಮ್ಮ ಕೈಯಲ್ಲಿರುವುದು.

ಈಗ ಪಂಚಮಿಯ ವಿಷಯ. ನಮ್ಮ ಮನೆ ನವನಗರದಲ್ಲಿ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾಯಿತು. ಮನೆಯಲ್ಲಿ ಅವ್ವ ಮತ್ತು ಚಿಗವ್ವ ಇಬ್ಬರೇ. ಚಿಗವ್ವನಿಗೆ ಈಗ 57. ಕಾಕಾ ಗದ್ದನಕೇರಿ ಕ್ರಾಸಿನ ಹತ್ತಿರ ಅಪಘಾತದಲ್ಲಿ ಹೋದಾಗ ಅವಳಿಗೆ 26. ಮಕ್ಕಳಿಲ್ಲ. ಅಂದಿನಿಂದ ನಮ್ಮನ್ನೆಲ್ಲ ಎತ್ತಿ ಆಡಿಸಿದವಳು, ರೊಟ್ಟಿ ಬಡಿದು ಹಾಕಿದವಳು, ನಮ್ಮ ಮದುವೆಗಳಲ್ಲಿ ಹಿಂದಿನ ಕೋಣೆಯಲ್ಲಿ ಉಂಡಿ ಕಟ್ಟುತ್ತ ಕೂತವಳು. ನನ್ನ ಮದುವೆಯ ಫೋಟೋಗಳಲ್ಲಿ ಚಿಗವ್ವ ಒಂದರಲ್ಲೂ ಇಲ್ಲ. ಇದನ್ನು ನಾನು ಗಮನಿಸಿದ್ದು ಮದುವೆಯಾಗಿ 17 ವರ್ಷದ ಮೇಲೆ, ಮಗಳು ಆಲ್ಬಮ್ ತಿರುವಿ “ಆಯಿ ಎಲ್ಲಿ?” ಅಂದಾಗ.

ಮಗಳು ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂರುತ್ತಿದ್ದಳು. ಮೂರನೇ ದಿನ ಚಿಗವ್ವ ಶೇಂಗಾ ಸುಲಿಯುತ್ತ ಅವಳ ಪಕ್ಕ ಕೂತು, “ಏನ್ ನೋಡಾಕತ್ತೀ ಅಷ್ಟು ನಕ್ಕೊಂತ? ನನಗೂ ಹೇಳಲ್ಲ” ಅಂದಳು. ನನ್ನ ಮಗಳ ಕನ್ನಡ ನಿಮ್ಮ ಮಕ್ಕಳ ಕನ್ನಡದಂಥದೇ, ಕ್ರಿಯಾಪದ ಒಂದು ಕಡೆ, ಮಾತು ಒಂದು ಕಡೆ. ಆದರೂ ಹೇಳಿದಳು: “ಆಯಿ, ಅವಳ ಅಪ್ಪ ಸತ್ತ. ಆಮೇಲೆ ಕಾಲು ಬರಲ್ಲ ಅವಳಿಗೆ. ಡಾಕ್ಟರ್ ಎಲ್ಲಾ ಚೆಕ್ ಮಾಡಿದ್ರು, ಏನೂ ಇಲ್ಲ.”

ಚಿಗವ್ವ ಸುಲಿಯುವುದನ್ನು ನಿಲ್ಲಿಸಿದಳು. “ದುಃಖ ಕಾಲಿಗಿಳದೈತಿ. ನನಗ ಹೊಟ್ಟಿಗಿಳದಿತ್ತು. ಮೂರು ತಿಂಗಳು ಅನ್ನ ಒಳಗ ಇಳೀಲಿಲ್ಲ” ಅಂದಳು.

ಆಗ ನಾನು 13ರ ಹುಡುಗಿ, ಅದೇ ಮನೆಯಲ್ಲಿದ್ದೆ. ಚಿಗವ್ವನಿಗೆ ಆರಾಮಿಲ್ಲ ಎಂದಷ್ಟೇ ನಮಗೆ ಹೇಳಿದ್ದರು. ಯಾರೋ ಧಾರವಾಡಕ್ಕೆ ತೋರಿಸಿ ಅಂದರಂತೆ. ನಮ್ಮ ಕಡೆ ಧಾರವಾಡಕ್ಕೆ ಕರೆದುಕೊಂಡು ಹೋಗುವುದು ಅಂದರೆ ಏನರ್ಥ ಎಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು, ಅಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್. ಜನ ಏನಂದಾರು ಎಂದು ಬಿಟ್ಟರು. ದೇವಿಯೋ ಪ್ರತಿ ಸೀಸನ್ನಿನಲ್ಲೂ ತನ್ನ ಥೆರಪಿಸ್ಟ್ ಡಾ. ರಯಾನ್ ಮುಂದೆ ಕೂತು ಜಗಳಾಡುತ್ತಾಳೆ, ಸುಳ್ಳು ಹೇಳುತ್ತಾಳೆ, ಅಳುತ್ತಾಳೆ. ಚಿಗವ್ವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಕೋಣೆಯೇ. “ರೊಕ್ಕಾ ಕೊಟ್ಟು ಕೇಳಿಸಾಕ ಹೋಗ್ತಾರ?” ಎಂದು ಮೊದಲು ಬೆರಗಾದಳು. ಎರಡು ದಿನ ಬಿಟ್ಟು, “ಕೇಳಾವರು ಇದ್ರ ಕೊಡಬೇಕ ಬಿಡು” ಅಂದಳು.

ದಿನಾ ಎರಡು ಕಂತು. ಅವ್ವ ಮೊದಲು ದೂರ ಕೂತಳು, ಮಂಚಕ್ಕೆ ಬಂದಳು, ಕೊನೆಗೆ ಮಗಳ ಎಡಕ್ಕೆ. ಮುದ್ದಿಡುವ ದೃಶ್ಯ ಬಂದರೆ ಅವ್ವ ತಂಬಿಗೆ ಹಿಡಿದು ನೀರಿಗೆ ಏಳುತ್ತಿದ್ದಳು, ಚಿಗವ್ವ ಏಳುತ್ತಿರಲಿಲ್ಲ. ಅವಳ ತವರು ಬೈಲಹೊಂಗಲ ಕಡೆ. “ನಮ್ಮೂರಾಗ ಸಂಗ್ಯಾ-ಬಾಳ್ಯಾ ಆಟ ಬೆಳತನಕಾ ನೋಡೇವಿ. ಗಂಡ ಇದ್ದಾಕಿ ಇನ್ನೊಬ್ಬನ್ನ ಬಯಸಿದ ಕಥಿ, ಕೊಲಿ ಆದ ಕಥಿ, ಊರ ಮಂದಿ ಎಲ್ಲಾ ಕೂತು ನೋಡತಿತ್ತು. ಇದರಾಗ ನಾಚೂದೇನೈತಿ?” ಅಂದಳು. ನಿಜ ಅಲ್ಲವೇ? ಬನಶಂಕರಿ ಜಾತ್ರೆಗೆ ತಿಂಗಳುಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳನ್ನು ಮನೆಮಂದಿಯೆಲ್ಲ ಕೂಡಿ ನೋಡಿ ಬೆಳೆದವರು ನಾವು. ಹಾಸ್ಯದವನು ಏನೇನು ಮಾತು ಆಡುತ್ತಿದ್ದ! ರಂಗದ ಮೇಲೆ ಆಡಬಹುದಾದ ಮಾತು ಮನೆಗೆ ಬಂದೊಡನೆ ನಿಂತುಬಿಡುತ್ತಿತ್ತು. ಸಮುದ್ರ ದಾಟಿದ ಮೇಲೆ ನಮ್ಮಲ್ಲಿ ಆ ರಂಗವೂ ಇಲ್ಲ. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಆಡದ ಮಾತು ಮಾತ್ರ.

ಮೊದಲ ಸೀಸನ್ನಿನ ಗಣಪತಿ ಪೂಜೆಯ ಕಂತನ್ನು ಇಲ್ಲಿ ಕನ್ನಡ ಸಂಘ ನಡೆಸುವವರೆಲ್ಲ ನೋಡಬೇಕು. ಅದರಲ್ಲಿ ಜಯಾ ಎಂಬ ಹೆಂಗಸಿದ್ದಾಳೆ. ಮುಸ್ಲಿಂ ಹುಡುಗನನ್ನು ಮದುವೆಯಾದವಳು, ಈಗ ವಿಚ್ಛೇದನ ಆಗಿದೆ. ಪೂಜೆಗೆ ಬಂದವರು ಅವಳ ಹತ್ತಿರ ಸುಳಿಯುವುದಿಲ್ಲ. ಅದನ್ನು ನೋಡುವಾಗ ನನಗೆ ಇಂಗ್ಲೆಂಡಿನ ನಮ್ಮ ಸಂಘಕ್ಕೆ ಯುಗಾದಿಗೆ ಬರುತ್ತಿದ್ದ ಒಬ್ಬ ಅಕ್ಕ ನೆನಪಾದರು. ಗಂಡನಿಂದ ಬೇರೆಯಾದ ಮೇಲೆ ಎರಡು ಸಲ ಬಂದರು, ಮೂರನೇ ಸಲ ಬರಲಿಲ್ಲ. ಯಾರೂ ಬರಬೇಡಿ ಅಂದಿರಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಊರಿನಿಂದ ಬಂದ ವಾರವೇ ಮಾಡಿದೆ. ಎಂಟು ವರ್ಷ ತಡ.

ಎರಡನೇ ಸೀಸನ್ನಿನಲ್ಲಿ ನಳಿನಿಗೆ ಇನ್ನೊಬ್ಬ ಡಾಕ್ಟರ ಮೇಲೆ ಮನಸ್ಸಾಗುತ್ತದೆ. ನನ್ನ ಮಗಳು ದೇವಿಯ ಪರ ನಿಂತು ಸಿಟ್ಟಾದಳು: ಅಪ್ಪ ಹೋಗಿ ವರ್ಷವೂ ಸರಿಯಾಗಿ ಆಗಿಲ್ಲ, ಇದೇನು? ಚಿಗವ್ವ ಏನೂ ಅನ್ನಲಿಲ್ಲ. ನಾಲ್ಕನೇ ಸೀಸನ್ನಿನ ಕೊನೆಯ ಕಂತಿಗೆ ಬಂದಾಗ ಮಾತ್ರ ಎದ್ದು ಕೂತಳು. ಅಲ್ಲಿ ಮದುವೆಯಾಗುವುದು ದೇವಿಯ ಅಜ್ಜಿ ನಿರ್ಮಲಾ, ಸತ್ತ ಅಪ್ಪನ ತಾಯಿ. ಅಷ್ಟು ವಯಸ್ಸಾದಾಕೆ ಲೆನ್ ಎಂಬ ಅಮೆರಿಕದವನನ್ನು ಮದುವೆಯಾಗುತ್ತಾಳೆ. ಸೊಸೆ, ಮೊಮ್ಮಗಳು ಎಲ್ಲರೂ ಸುತ್ತ ನಿಂತಿರುತ್ತಾರೆ. ಚಿಗವ್ವ ಅದನ್ನು ಇನ್ನೊಮ್ಮೆ ಹಚ್ಚು ಅಂದಳು. ಎರಡನೇ ಸಲ ನೋಡುವಾಗ ಮಗಳು ಕೇಳಿಯೇಬಿಟ್ಟಳು: “ಆಯಿ, ನೀ ಯಾಕ ಮತ್ತ ಮದುವಿ ಆಗಲಿಲ್ಲ?”

ನಾನು ಮಗಳ ತೊಡೆ ಚಿವುಟಿದೆ. ಅವ್ವ “ಹಂಗೆಲ್ಲ ಕೇಳಬಾರದವ್ವ” ಅಂದಳು.

“ಕೇಳಲಿ ಬಿಡ್ರಿ ಅಕ್ಕಾರ” ಅಂದಳು ಚಿಗವ್ವ. “ಒಂದು ಮಾತು ಬಂದಿತ್ತು, ಅಮೀನಗಡದಿಂದ. ಸಾಲಿ ಮಾಸ್ತರ, ಹೆಂಡತಿ ತೀರಿಕೊಂಡಿದ್ಲು. ನಿಮ್ಮ ಮುತ್ಯಾ ಪಡಸಾಲ್ಯಾಗ ಕೂತು ಒಲ್ಲೆ ಅಂದ್ರು. ನಮ್ಮ ಮನಿತನದಾಗ ಹಂಗ ನಡಿಯಂಗಿಲ್ಲ ಅಂದ್ರು. ನಾ ಅಡಿಗಿ ಮನ್ಯಾಗ ಇದ್ದೆ, ಎಲ್ಲಾ ಕೇಳಿಸ್ತು. ಚಹಾ ನಾನ ಮಾಡಿ ಕಳಿಸಿದ್ದೆ. ನನ್ನ ಯಾರೂ ಕೇಳಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಆ ಅಡಿಗಿ ಮನಿನೂ ಈಗ ನೀರಾಗ ಹೋತು” ಅಂದಳು.

ಮುತ್ಯಾ ಅಂದರೆ ನನ್ನ ಅಪ್ಪ. ಅಪ್ಪನನ್ನು ನಾನು ದೇವರಂತೆ ಕಂಡವಳು. ನನ್ನನ್ನು ಇಂಜಿನಿಯರಿಂಗ್ ಓದಿಸಿದವರು, ಪರದೇಶಕ್ಕೆ ಕಳಿಸಲು ಊರನ್ನೆಲ್ಲ ಎದುರು ಹಾಕಿಕೊಂಡವರು. ಅವರು ಇಂದಿಲ್ಲ, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲಾರೆ. ನಮ್ಮ ಸೀಮೆಯಲ್ಲಿ ಎಷ್ಟೋ ಜಾತಿಗಳಲ್ಲಿ ಉಡಿಕಿ ಎಂಬ ಪದ್ಧತಿಯೇ ಇತ್ತು, ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೆ ಸಂಸಾರಕ್ಕೆ ಕೂಡಿಸುವುದು. ಹೊಲಮನೆ ಹೆಚ್ಚಾಗಿ ದೊಡ್ಡ ಮನೆತನ ಅನ್ನಿಸಿಕೊಂಡ ಮೇಲೆ ನಮ್ಮಂಥವರು ಅದನ್ನು ಕೀಳು ಎಂದು ಬಿಟ್ಟೆವು. ವಿಧವಾ ವಿವಾಹದ ಕಾಯ್ದೆ ಬಂದದ್ದು 1856ರಲ್ಲಿ. ಅಮೀನಗಡದವರು ಚಹಾ ಕುಡಿದು ಹೋದದ್ದು 1996ರಲ್ಲಿ. ಕೂಡಲಸಂಗಮ ನಮ್ಮ ಮನೆಯಿಂದ ಎಷ್ಟು ದೂರ ಅಂತೀರಿ?

ಅವತ್ತು ರಾತ್ರಿ ಮಗಳು ನನ್ನ ಪಕ್ಕ ಮಲಗಿ ಬಹಳ ಹೊತ್ತು ಅತ್ತಳು. ನಳಿನಿಯ ಮೇಲಿನ ಸಿಟ್ಟು ಎಲ್ಲಿ ಹೋಯಿತೋ. ಸಂಸ್ಕೃತಿ ಕಲಿಸಲಿಕ್ಕೆ ಎಂದು ನಾನು ಅವಳಿಗೆ ಎಷ್ಟು ವಚನ ಬಾಯಿಪಾಠ ಮಾಡಿಸಿದ್ದೇನೆ, ಎಷ್ಟು ಶನಿವಾರ ಕನ್ನಡ ಕಲಿ ತರಗತಿಗೆ ಓಡಿಸಿದ್ದೇನೆ. ತನ್ನ ಆಯಿಯ ಬದುಕು ಅವಳಿಗೆ ಕನ್ನಡದಲ್ಲಿ ತಿಳಿದದ್ದು ಆ ಇಪ್ಪತ್ತು ರಾತ್ರಿಗಳಲ್ಲಿ.

ಹೊರಡುವ ದಿನ ಅವ್ವ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ ಎಲ್ಲ ಇಟ್ಟಿದ್ದಳು. ಅಪ್ಪ ಹೋದ ಮೇಲೆ ಅವ್ವನೂ ಉಡಿ ತುಂಬುವುದಿಲ್ಲ, ಪಕ್ಕದ ಮನೆಯವರನ್ನು ಕರೆಯುತ್ತಾಳೆ. ನಾನು “ಚಿಗವ್ವ, ಈ ಸಲ ನೀನ ತುಂಬು” ಅಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ ತಂಗಿ. ನಿನಗ, ನಿನ್ನ ಗಂಡಗ ಏನರ ಆದ್ರ ನಾ ಬದುಕೂದಿಲ್ಲ.” ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಪಕ್ಕದ ಮನೆಯವರೇ ಬಂದು ತುಂಬಿದರು. ಚಿಗವ್ವ ಅಡಿಗೆ ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಳು. ಅದು ನನ್ನ ಎದೆಯಲ್ಲಿ ಇನ್ನೂ ಹಾಗೇ ಕೂತಿದೆ. ಈ ಗುಂಪಿನಲ್ಲಿ ಯಾರಾದರೂ ತಮ್ಮ ಮನೆಯಲ್ಲಿ ಇದನ್ನು ದಾಟಿದ್ದರೆ ಹೇಗೆ ದಾಟಿದಿರಿ, ದಯವಿಟ್ಟು ಬರೆಯಿರಿ.

ಕೇಳಿದ ತಾಯಿಗೆ: ನೋಡಲು ಬಿಡ್ರಿ, ಆದರೆ ನೀವೂ ಪಕ್ಕದಲ್ಲಿ ಕೂಡ್ರಿ. ಸಾಧ್ಯವಾದರೆ ಊರಿಗೆ ಹೋದಾಗ ನೋಡ್ರಿ.

ಇದಕ್ಕೆ ಬಂದ ಉತ್ತರಗಳು

ವಿಜಯಪುರದವರು, ಈಗ ಡಲ್ಲಾಸ್: ಅಕ್ಕಾರ, ಓದಿ ಕಣ್ಣು ತುಂಬಿತು. ಆದರೆ ಒಂದು ಮಾತು ಒಪ್ಪುವುದಿಲ್ಲ. ನಳಿನಿಯ ಇಂಗ್ಲಿಷ್ ಉಚ್ಚಾರ ಕೇಳಿ ನನ್ನ ಮಗ ನನ್ನ ಹೆಂಡತಿಯನ್ನು ಅಣಕಿಸಲು ಶುರು ಮಾಡಿದ್ದ. ನಮ್ಮ ತಾಯಂದಿರನ್ನು ನಗೆಪಾಟಲು ಮಾಡುವ ಭಾಗವೂ ಅದರಲ್ಲಿದೆ.

ಗೋಕಾಕದವರು, ಈಗ ಮಸ್ಕತ್: ನನ್ನ ತಂಗಿಯ ಸೀಮಂತದಲ್ಲಿ ನಮ್ಮ ಅವ್ವನೂ ಹೀಗೇ ಹಿಂದೆ ಸರಿದಿದ್ದಳು. ನಾವು ಹೇಳಿ ಆಗಲಿಲ್ಲ. ತಂಗಿಯ ಅತ್ತೆ ಮುತ್ತೈದೆ, ಅವರು ಅವ್ವನ ಕೈ ಹಿಡಿದು ತಂದು, ತಮ್ಮ ಕೈಯನ್ನು ಅವ್ವನ ಕೈ ಮೇಲಿಟ್ಟು, ಇಬ್ಬರೂ ಕೂಡಿಯೇ ಅಕ್ಕಿ ಹಾಕಿದರು. ನಿಮ್ಮ ಅತ್ತೆಯವರಿಂದ ಹೇಳಿಸಿ ನೋಡ್ರಿ. ಇನ್ನೊಂದು, ಊರಲ್ಲಿರುವ ಹಿರಿಯರಿಗೆ ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಎಂಬ ಫೋನ್ ಸಹಾಯವಾಣಿ ಇದೆ, 14416. 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡಕ್ಕೆ ಹೋಗಲು ಅಂಜುವವರಿಗೆ ಹೇಳ್ರಿ.

ಬರೆದವಳು: ಡಲ್ಲಾಸಿನ ಅಣ್ಣಾರ, ಉಚ್ಚಾರದ ಮಾತು ಒಪ್ಪಿದೆ, ನನಗೂ ಅದು ಚುಚ್ಚಿತ್ತು. ಮಸ್ಕತ್ತಿನ ಅಕ್ಕಾರ, ನಮ್ಮ ಅತ್ತೆ ಜಮಖಂಡಿಯಲ್ಲಿದ್ದಾರೆ, ಇವತ್ತೇ ಮಾತಾಡುತ್ತೇನೆ. ಮೊನ್ನೆ ರವಿವಾರದ ವಿಡಿಯೋ ಕರೆಯಲ್ಲಿ ಮಗಳು ಮತ್ತೆ ಕೇಳಿದಳು, ಆ ಅಮೀನಗಡದ ಮಾಸ್ತರರ ಹೆಸರೇನಿತ್ತು ಅಂತ. ಅವ್ವ ಬಹಳ ಯೋಚಿಸಿ, ನೆನಪಿಲ್ಲ ಅಂದಳು. ಚಿಗವ್ವ ಕೂಡಲೇ ಹೇಳಿದಳು. ಅಡ್ಡಹೆಸರಿನ ಜೊತೆ.